ಒಕ್ತಾವಿಯೋ ಪಾಜ್ ಆದ್ಮೇಲೆ ಸ್ಪ್ಯಾನಿಷ್ ಪ್ರಬಂಧಗಳಲ್ಲಿ ಏನ್ ಓದೋದು?

ಓದುಗ_ಶಿವಮೊಗ್ಗ:
ಮೆಕ್ಸಿಕೋದ ಕವಿ, ಪ್ರಬಂಧಕಾರ ಪಾಜ್ ಅವ್ರ 'ಲ್ಯಾಬಿರಿಂತ್ ಆಫ್ ಸಾಲಿಟ್ಯೂಡ್' (1950) ಈಗಷ್ಟೇ ಮುಗಿಸ್ದೆ. ಬರವಣಿಗೆ ಅಂದ್ರೆ ಬರವಣಿಗೆ, ಜಾತ್ರೆ ಹಬ್ಬಗಳ ಬಗ್ಗೆ ಇರೋ ಅಧ್ಯಾಯ ಅಂತೂ ತಲೇಲಿ ಕೂತ್ಬಿಟ್ಟಿದೆ. ಆದ್ರೆ ಮೆಕ್ಸಿಕನ್ ಅಂದ್ರೆ ಹೀಗೆ, ಮುಖವಾಡ ಹಾಕ್ಕೊಂಡೇ ಬದುಕ್ತಾನೆ ಅಂತ ಇಡೀ ದೇಶನ ಒಬ್ಬ ಮನುಷ್ಯ ಮಾಡಿ ಮಾತಾಡ್ತಾರೆ, ಹೆಂಗಸ್ರು ಬರ್ತಾರೆ ಆದ್ರೆ ಅವ್ರ ದನಿ ಕೇಳಲ್ಲ. ಸಮಾಜ ಬದಲಾದಂಗೆ ಅಲ್ಲಿನ ಪ್ರಬಂಧನೂ ಬದಲಾಯ್ತಾ?

ನಿಧಾನಿ:
ಬದಲಾಯ್ತು, ಪಾಜ್ ಅವ್ರೇ ಬದಲಾದ್ರು. 1968 ಅಕ್ಟೋಬರ್ 2ಕ್ಕೆ ಮೆಕ್ಸಿಕೋ ಸಿಟಿಯ ತ್ಲಾತೆಲೋಲ್ಕೋದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸ್ದಾಗ ಅವ್ರು ದೆಲ್ಲೀಲಿ ರಾಯಭಾರಿ, ಪ್ರತಿಭಟಿಸಿ ಹುದ್ದೆ ಬಿಟ್ರು. 1970ರ 'ಪೋಸ್ತ್‌ದಾತಾ' ಪುಸ್ತಕದಲ್ಲಿ ಮೆಕ್ಸಿಕನ್ ಗುಣ ಅಂತ ಸ್ಥಿರವಾದ್ದೇನೂ ಇಲ್ಲ, ಇರೋದು ಚರಿತ್ರೆ ಅಂತಾರೆ. ಆದ್ರೂ ಕೊನೆಗೆ ಹತ್ಯಾಕಾಂಡಕ್ಕೆ ಕಾರಣ ಹುಡುಕ್ತಾ ಹಳೇ ಆಜ್ಟೆಕ್ ರಾಜ್ಯ ನರಬಲಿ ಕೊಡ್ತಿದ್ದ ಪಿರಮಿಡ್‌ಗೇ ಹೋಗ್ತಾರೆ, ನಂಗದು ಒಪ್ಪಿಗೆ ಆಗ್ಲಿಲ್ಲ, ಗುಂಡು ಹೊಡ್ಸಿದ್ದು ಆಗಿನ ಸರ್ಕಾರ.

ಹೇಮಾ_ಮೈಸೂರು:
ಮೆಕ್ಸಿಕೋದ ಲೇಖಕಿ ರೊಸಾರಿಯೋ ಕಾಸ್ತೆಯಾನೋಸ್ ಓದಿ ಸರ್, ದಯವಿಟ್ಟು. ದಕ್ಷಿಣ ಮೆಕ್ಸಿಕೋದ ಚಿಯಾಪಾಸ್‌ನ ಜಮೀನ್ದಾರರ ಮನೆ ಮಗಳು, 'ಎಕ್ಸೆಲ್ಸಿಯೋರ್' ಪೇಪರ್‌ಗೆ ಬರೀತಿದ್ರು. 1973ರ ಒಂದು ಲೇಖನದಲ್ಲಿ ತಮ್ಮನೇಲಿ ಕೆಲ್ಸಕ್ಕಿದ್ದ ಹೆಂಗಸ್ರ ಬಗ್ಗೆ ಬರೀತಾರೆ. ಚಿಕ್ಕಂದಿನಿಂದ ಜೊತೇಲೇ ಇದ್ದ ಆದಿವಾಸಿ ಹುಡ್ಗಿ ಒಬ್ಳು, ಇವ್ರು ದೊಡ್ಡವ್ರಾಗಿ ಸರ್ಕಾರಿ ಸಂಸ್ಥೆಯ ಬೊಂಬೆಯಾಟದ ತಂಡದ ಜೊತೆ ಆದಿವಾಸಿ ಹಳ್ಳಿ ಹಳ್ಳಿ ತಿರುಗಿ ತಿಳುವಳಿಕೆ ಹೇಳ್ತಿದ್ರು, ಆದ್ರೆ ಪಕ್ಕದಲ್ಲೇ ಇದ್ದ ಅವ್ಳಿಗೆ ನಾಲ್ಕಕ್ಷರ ಕಲ್ಸೋಣ ಅಂತ ಹೊಳೀಲೇ ಇಲ್ವಂತೆ, ಅದನ್ನ ಯಾವ ಸಬೂಬೂ ಇಲ್ದೆ ಪೇಪರ್‌ನಲ್ಲೇ ಬರೆದ್ರು. ದೇಶದ ಆತ್ಮ ಹುಡುಕೋ ಪ್ರಬಂಧ ಅಡುಗೆಮನೆ ಬಾಗಿಲಿಗೆ ಬಂದಿದ್ದು ಇಲ್ಲಿ. ಅದೇ ವರ್ಷದ 'ಮುಖೇರ್ ಕೆ ಸಾಬೆ ಲತೀನ್' ಸಂಕಲನನೂ ನೋಡಿ.

ಕೆಂಪುಮಣ್ಣು:
ಹೇಮಾ ಅವ್ರು ಹೇಳಿದ್ದು ಸರಿ, ಆದ್ರೆ ಆದಿವಾಸಿಗಳ ಬದುಕು ಪ್ರಬಂಧಕ್ಕೆ ಬಂದಿದ್ದು 70ರ ದಶಕದಲ್ಲಿ ಶುರುವಾಗಿದ್ದಲ್ಲ. ಪೆರುವಿನ ಎಡಪಂಥೀಯ ಚಿಂತಕ ಮರಿಯಾತೆಗಿ 1928ರಲ್ಲೇ 'ಏಳು ಪ್ರಬಂಧಗಳು' ಪುಸ್ತಕದಲ್ಲಿ ಆದಿವಾಸಿಗಳ ಸಮಸ್ಯೆ ಶಾಲೆದೂ ಅಲ್ಲ ನೀತಿಪಾಠದ್ದೂ ಅಲ್ಲ, ಭೂಮಿದು, ಜಮೀನ್ದಾರಿ ಮುರೀದೆ ಬೇರೆ ದಾರಿ ಇಲ್ಲ ಅಂತ ಖಡಾಖಂಡಿತ ಬರೆದಿದ್ರು. ಒಂದ್ ಕಾಲು ಕಳ್ಕೊಂಡು ಗಾಲಿಕುರ್ಚೀಲಿ ಕೂತೇ ಲಿಮಾದಿಂದ 'ಅಮೌತಾ' ಪತ್ರಿಕೆ ನಡೆಸ್ದೋರು, ತೀರ್ಕೊಂಡಾಗ ಬರೀ 35 ವರ್ಷ.

ನಿಧಾನಿ:
ಮರಿಯಾತೆಗಿ ಒಪ್ಪಿದೆ. ಆದ್ರೆ ಅಲ್ಲಿ ಮಾತಾಡೋದು ಅವ್ರೊಬ್ರೇ. ಬೀದಿ ಜನ ಗುಂಪಾಗಿ ಬರೋದು ಬೇಕಾದ್ರೆ ಮೆಕ್ಸಿಕೋದ ಲೇಖಕ ಕಾರ್ಲೋಸ್ ಮೊನ್ಸಿವಾಯಿಸ್ ಓದಿ, 1985ರ ಮೆಕ್ಸಿಕೋ ಸಿಟಿ ಭೂಕಂಪದಲ್ಲಿ ಸರ್ಕಾರ ತಡವರಿಸ್ತಿದ್ದಾಗ ಜನ ತಾವೇ ಕೈಯಿಂದ ಕಲ್ಲು ಎತ್ತಿ ಜೀವ ಉಳಿಸಿದ್ದು 'ಎಂತ್ರಾದಾ ಲೀಬ್ರೆ'ಲಿ (1987) ಇದೆ, ಅರ್ಧ ವರದಿ ಅರ್ಧ ಪ್ರಬಂಧ.

ಓದುಗ_ಶಿವಮೊಗ್ಗ:
ಎಲ್ಲರಿಗೂ ಥ್ಯಾಂಕ್ಸ್. ಮೊದ್ಲು ಕಾಸ್ತೆಯಾನೋಸ್. ಹೇಮಾ ಮೇಡಂ, ಇಂಗ್ಲಿಷ್‌ನಲ್ಲಿ ಯಾವ್ ಸಂಕಲನ ಒಳ್ಳೇದು?