ಫ್ಲೈ-ಇನ್ ಟಾಸ್ಕ್: ಮಾರ್ಕರ್ ಗುರಿ ದಾಟಿ ಬೀಳುವುದೇಕೆ?

ಪ್ರಶ್ನೆ: ಬಿಸಿಗಾಳಿ ಬಲೂನ್ ಚಾಂಪಿಯನ್‌ಶಿಪ್‌ನ ಫ್ಲೈ-ಇನ್‌ನಲ್ಲಿ (ತಾನೇ ಆರಿಸಿದ ಜಾಗದಿಂದ ಹಾರಿ ಬಂದು, ಮಾರ್ಕರ್ ಎಂಬ ಬಾಲವಿರುವ ತೂಕದ ಪುಟ್ಟ ಚೀಲವನ್ನು ನೆಲದ ಗುರಿಯ ಹತ್ತಿರ ಹಾಕುವ ಸ್ಪರ್ಧೆ) ಗುರಿಯಿಂದ ಕನಿಷ್ಠ 3 ಕಿ.ಮೀ. ದೂರದಿಂದ ಹಾರಬೇಕು ಎಂದಿಟ್ಟುಕೊಳ್ಳಿ. ಟೇಕಾಫ್ ಜಾಗ ಹೇಗೆ ಆರಿಸುವುದು? ಮಾರ್ಕರ್ ಸದಾ ಗುರಿಯ ಆಚೆಯೇ ಬೀಳುತ್ತದಲ್ಲ?

ಉತ್ತರ 1: ಮೊದಲು ಹೀಲಿಯಂ ತುಂಬಿದ ಪುಟ್ಟ ಬಲೂನ್ ಬಿಟ್ಟು ಪ್ರತಿ ಎತ್ತರದ ಗಾಳಿಯ ದಿಕ್ಕು ಬರೆದುಕೊಳ್ಳಿ. ಉತ್ತರ ಗೋಳಾರ್ಧದಲ್ಲಿ ಮೇಲೇರಿದಂತೆ ಗಾಳಿ ಸಾಮಾನ್ಯವಾಗಿ ಬಲಕ್ಕೆ ಹೊರಳುತ್ತದೆ. ಕೆಳಗಾಳಿ, ಮೇಲ್ಗಾಳಿಗಳ ದಿಕ್ಕುಗಳ ನಡುವೆ ಗುರಿ ಬರುವಂಥ ಜಾಗ ಹಿಡಿಯಿರಿ. ಆಗ ಏರಿದರೆ ಬಲಕ್ಕೆ, ಇಳಿದರೆ ಎಡಕ್ಕೆ ತಿದ್ದಬಹುದು. 3 ಕಿ.ಮೀ.ಗೆ 1 ಡಿಗ್ರಿ ತಪ್ಪಿದರೂ 52 ಮೀಟರ್ ಹೋಯಿತು!

ಉತ್ತರ 2: ಮಾರ್ಕರ್‌ಗೆ ಬಲೂನಿನ ವೇಗವೇ ಇರುತ್ತದೆ. ಗಂಟೆಗೆ 10 ಕಿ.ಮೀ. ಅಂದರೆ ಸೆಕೆಂಡಿಗೆ 2.8 ಮೀಟರ್. 30 ಮೀಟರ್ ಎತ್ತರದಿಂದ ಬೀಳಲು ಸುಮಾರು 2.5 ಸೆಕೆಂಡ್, ಬಾಲದ ಎಳೆತಕ್ಕೆ ಇನ್ನೂ ತುಸು ಹೆಚ್ಚು. ಹಾಗಾಗಿ 7 ಮೀಟರ್ ಮೊದಲೇ ಕೈಬಿಡಿ. ನಿಯಮದಲ್ಲಿ ಗ್ರಾವಿಟಿ ಡ್ರಾಪ್ (ಮಾರ್ಕರ್ ತಾನಾಗಿ ಬೀಳುವಂತೆ ಬಿಡುವುದು) ಎಂದಿದ್ದರೆ ಎಸೆಯುವಂತಿಲ್ಲ.

ಉತ್ತರ 3: ಗುರಿಯ ಹತ್ತಿರ ರಭಸವಾಗಿ ಇಳಿಯಬೇಡಿ. ಬರ್ನರ್ ಹಚ್ಚಿದ ಕೆಲವು ಸೆಕೆಂಡ್ ಕಳೆದ ಮೇಲೇ ಇಳಿತ ನಿಲ್ಲುವುದು. ಅಷ್ಟರಲ್ಲಿ ಬುಟ್ಟಿ ನೆಲಕ್ಕೆ ತಾಗಿದರೆ ದಂಡ. ಬಿಸಿಲೇರಿದ ಮೇಲೆ ಒಂದು ಗಂಟೆ ಹಿಂದೆ ಮಾಡಿದ ಗಾಳಿ ಲೆಕ್ಕ ನಂಬಬೇಡಿ.