ಆರ್ಗನ್ ಕೃತಿಯೊಂದನ್ನು ಆರ್ಕೆಸ್ಟ್ರಾಗೆ ಹೊಂದಿಸಬೇಕು, ಯಾವುದು ಹಿಡಿಯಲಿ? ಅನುಭವ ಇದ್ದವರು ಹೇಳಿ

ಅರಸೀಕೆರೆ ಅಲೆಗ್ರೊ

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ನಮ್ಮದೊಂದು ಹವ್ಯಾಸಿ ಆರ್ಕೆಸ್ಟ್ರಾ ಇದೆ, 34 ಜನ. ಮೊದಲ ವಯಲಿನ್ 7, ಎರಡನೆಯದು 6, ವಯೋಲಾ 3, ಚೆಲ್ಲೊ 4, ಡಬಲ್ ಬಾಸ್ ಒಂದೇ. ಫ್ಲೂಟ್ 2, ಓಬೊ 1, ಕ್ಲಾರಿನೆಟ್ 2, ಬಸೂನ್ 1, ಹಾರ್ನ್ 2, ಟ್ರಂಪೆಟ್ 2, ಟ್ರಾಂಬೋನ್ 2, ಟಿಂಪನಿ. ಡಿಸೆಂಬರ್ ಕಾರ್ಯಕ್ರಮಕ್ಕೆ ಎಂಟು-ಹತ್ತು ನಿಮಿಷದ ಆರ್ಗನ್ ಕೃತಿಯೊಂದನ್ನು ನಾನೇ ಹೊಂದಿಸಿ ಕೊಡ್ತೀನಿ ಅಂತ ಒಪ್ಪಿಕೊಂಡುಬಿಟ್ಟಿದ್ದೀನಿ. ತಲೆಯಲ್ಲಿ ಮೂರು ಓಡ್ತಾ ಇವೆ: ಬಾಖ್‌ನ ಡಿ ಮೈನರ್ ಟೊಕಾಟಾ ಮತ್ತು ಫ್ಯೂಗ್, ವಿಡೋರನ ಐದನೇ ಸಿಂಫನಿಯ ಟೊಕಾಟಾ, ಬೊಯೆಲ್‌ಮಾನ್‌ನ ಸ್ವೀಟ್ ಗೊಥಿಕ್ (ನಾಲ್ಕು ಭಾಗಗಳ ಕೃತಿ). ಯಾವುದು ವಾಸಿ? ವಯೋಲಾ ಮೂರೇ ಇರೋದು ತೊಂದರೆ ಆಗುತ್ತಾ?

ಐದನೇ ತಂತಿ

ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ, ಇಲ್ಲಿನ ಹವ್ಯಾಸಿ ತಂಡದಲ್ಲಿ ಚೆಲ್ಲೊ ನುಡಿಸುತ್ತೇನೆ. ನಾನು ಹಿಡಿದದ್ದು ಬಾಖ್‌ನ ಸಿ ಮೈನರ್ ಪಾಸಕಾಲಿಯಾ, ಅಂದರೆ ಒಂದೇ ಥೀಮ್ ಮರಳಿ ಮರಳಿ ಬರುವ ಕೃತಿ; ಬಾಖ್ ಕೃತಿಪಟ್ಟಿಯಲ್ಲಿ ಬಿಡಬ್ಲ್ಯುವಿ 582. ಇದನ್ನು ಆರ್ಕೆಸ್ಟ್ರಾಗೆ ಸ್ಟೊಕೊವ್‌ಸ್ಕಿ 1922ರಲ್ಲೇ ಮಾಡಿದ್ದಾರೆ, ರೆಸ್ಪಿಘಿ 1930ರಲ್ಲಿ ಮಾಡಿದ್ದಾರೆ, ನಿನಗ್ಯಾಕೆ ಅಂತ ಎಲ್ಲರೂ ಕೇಳಿದರು. ನನಗೆ ಅದೇ ಬೇಕಿತ್ತು. ಹನ್ನೊಂದು ತಿಂಗಳು, ದಿನಾ ಸಂಜೆ ಆಫೀಸಿನಿಂದ ಬಂದು ಕೂತೆ.

ತೊಂದರೆ ಎಲ್ಲಿ ಬಂತು ಅಂದರೆ ಮೊದಲ ಎಂಟು ಬಾರಿನಲ್ಲೇ. ಪೆಡಲ್, ಅಂದರೆ ಆರ್ಗನ್‌ನಲ್ಲಿ ಕಾಲಿನಿಂದ ನುಡಿಸುವ ಕೀಲಿಸಾಲು, ಒಂಟಿಯಾಗಿ ಥೀಮ್ ಹೇಳುತ್ತದೆ, ಕೊನೆಗೆ ಎಫ್, ಜಿ, ಆಮೇಲೆ ತಳದ ಸಿ. ಬರೆದ ಹಾಗೆ ನುಡಿಸಲು ಚೆಲ್ಲೊ ಸಾಕು, ಅದರ ತಳದ ತಂತಿಯೇ ಸಿ. ಆದರೆ ಆರ್ಗನ್‌ನಲ್ಲಿ ಅದರ ಕೆಳಗೆ ಹದಿನಾರು ಅಡಿಯ ಪೈಪು ಕೂಡ ಮೊಳಗುತ್ತಿರುತ್ತದೆ, ಒಂದು ಆಕ್ಟೇವ್ ಕೆಳಗೆ. ಡಬಲ್ ಬಾಸ್‌ನ ನಾಲ್ಕನೇ ತಂತಿ ಇ ಸ್ವರಕ್ಕೆ ನಿಂತುಬಿಡುತ್ತದೆ. ಎಫ್ ಬಂತು, ಜಿ ಬಂತು, ಸಿ ಇಲ್ಲ! ಇಡೀ ಥೀಮಿನಲ್ಲಿ ಕೈ ಕೊಡುವುದು ಆ ಒಂದೇ ಸ್ವರ, ಕಾಲಿಡಬೇಕಾದ ಕಡೆಯ ಮೆಟ್ಟಿಲು. ಮೇಲಿನ ಸಿ ನುಡಿಸಿ ಅಂದರೆ ಮೆಟ್ಟಿಲಿಳಿದು ಬಂದವನು ಅಟ್ಟಕ್ಕೆ ಹಾರಿದ ಹಾಗಾಗುತ್ತದೆ. ಆಮೇಲೆ ಅದೇ ಥೀಮಿನ ಇಪ್ಪತ್ತು ವೇರಿಯೇಶನ್ (ರೂಪಾಂತರ) ಬೇರೆ, ಅದರ ಮೇಲೆ ಫ್ಯೂಗ್.

ಐದು ತಂತಿಯ ಬಾಸ್ ಬಾಡಿಗೆಗೆ ತಂದೆ, 180 ಯೂರೋ. ಕಾರಿನಲ್ಲಿ ಹಿಡಿಸಲಿಲ್ಲ, ವ್ಯಾನಿಗೆ 95. ನಮ್ಮ ಬಾಸ್‌ನವರಿಗೆ ತಂತಿಗಳ ಅಂತರ ಒಗ್ಗದೆ ಎರಡು ರಿಹರ್ಸಲ್ ಹಾಳು. ಕಾರ್ಯಕ್ರಮದ ದಿನ ಸಿ ಬಂತು. ಹೆಂಡತಿಯನ್ನು ಕೇಳಿದೆ, ಹೇಗಿತ್ತು ಸಿ ಅಂತ. "ಯಾವ ಸಿ?" ಅಂದಳು.

ಧಾರವಾಡ ಪಿಟೀಲು

ವಿಡೋರ್ ಮುಟ್ಟಬ್ಯಾಡ್ರಿ. ನಾ ಮುಟ್ಟೀನಿ, ಕೈ ಸುಟ್ಟಕೊಂಡೀನಿ.

ಆರ್ಗನ್ ಮ್ಯಾಲೆ ಆ ಹದಿನಾರರ (ಬೀಟಿಗೆ ನಾಲ್ಕು ಸ್ವರದ) ಓಟ ಬೆರಳಿನ ಕೆಳಗ ತಾನ ಉರುಳತದ. ವಯಲಿನ್‌ನ್ಯಾಗ ಹಂಗಲ್ರಿ, ಒಂದೊಂದ ಸ್ವರಕ್ಕೂ ತಂತಿ ದಾಟಬೇಕು, ಬಿಲ್ಲು ಮೇಲ-ಕೆಳಗ ಮಣಕಟ್ಟು ಕಡದಂಗ ತಿರಗತದ. ಆರು ನಿಮಿಷ ಉಸಿರಿಲ್ಲ. ಮೊದಲನೇ ವಯಲಿನ್‌ಗೆ ಅರ್ಧ ಬಾರು, ಎರಡನೇದಕ್ಕ ಅರ್ಧ ಬಾರು ಅಂತ ಹಂಚಿದೆ. ಶಾಣ್ಯಾತನ ಮಾಡಿದೆ ಅನ್ಕೊಂಡಿದ್ದೆ. ಬೆಸುಗೆ ಹಾಕಿದ ಜಾಗಾದಾಗೆಲ್ಲ ತಂಡ ಕುಂಟಾಕ ಹತ್ತಿತು. ಫ್ಲೂಟಿಗೆ ಕೊಟ್ಟು ನೋಡಿದೆ, ಆ ಹುಡುಗಿ ಎರಡನೇ ಪುಟಕ್ಕ ಕುರ್ಚಿ ಹಿಡಕೊಂಡು ಕುಂತಳು.

ಮ್ಯಾಲ ನಮ್ಮ ಕಂಡಕ್ಟರ್‌ಗೆ ವೇಗದ ಹುಚ್ಚು. ವಿಡೋರ್ ಮೊದಲ ನಿಮಿಷಕ್ಕ 118 ಬೀಟು ಅಂತ ಬರದಾತ ಮುಂದ 100ಕ್ಕ ಇಳಿಸ್ಯಾನ. 1932ರಾಗ, 88 ವರ್ಷದಾಗ, ಪ್ಯಾರಿಸ್‌ನ ಸೇಂಟ್ ಸುಲ್ಪಿಸ್‌ನ್ಯಾಗ ತಾನ ಬಾರಿಸಿದ ರೆಕಾರ್ಡಿಂಗ್ ಐತಿ, ಎಷ್ಟ ಸಮಾಧಾನದ್ದು ಅಂತೀರಿ. ಕೇಳಿಸಿದೆ. "ಮುದುಕರಾಗಿದ್ದರು ಪಾಪ" ಅಂದ್ರು.

ಖರ್ಚು ಬರಕೋರಿ. ಹಾಲ್ ಮೂರು ದಿನ, ದಿನಕ್ಕ 9,000. ಪಾರ್ಟ್ಸ್ ಪ್ರಿಂಟ್ 2,860. ಕ್ಲಾರಿನೆಟ್ ಬರದದ್ದಕ್ಕಿಂತ ಒಂದು ಸ್ವರ ಕೆಳಗ ಕೇಳತದ, ಅದರ ಪಾರ್ಟ್ ಬಿ ಫ್ಲ್ಯಾಟ್‌ಗೆ ಬದಲಾಯಿಸೋದ ಮರತಿದ್ದೆ, ಎಲ್ಲಾರೂ ಎಫ್ ಮೇಜರ್‌ದಾಗ, ಅವರಿಬ್ಬರು ಮಾತ್ರ ಈ ಫ್ಲ್ಯಾಟ್‌ದಾಗ. ಮತ್ತ ಪ್ರಿಂಟ್ 640. ಹೊರಗಿಂದ ಕರಿಸಿದ ಟ್ರಂಪೆಟ್‌ದವ್ರಿಗೆ 6,000. ಮಿರ್ಚಿ ಭಜಿ, ಚಹಾ 1,400. ಎರಡನೇ ವಯಲಿನ್‌ದ ಒಬ್ಬಾತ ಭುಜಾ ಹಿಡಕೊಂಡು ಹೋದಾವ ಇನ್ನೂ ಬಂದಿಲ್ಲ. ಹಾಲಿನ ತುಂಬ ಪರದೆ, ಕಾರ್ಪೆಟ್ಟು. ಚರ್ಚಿನ್ಯಾಗ ಕಲ್ಲಿನ ಗ್ವಾಡಿ ಅರ್ಧ ಬಾರಸತದ, ಇಲ್ಲಿ ಗಾದಿಯೊಳಗ ಕುಂತು ಬಾರಿಸಿದಂಗಾತು.

ಕಂಕನಾಡಿ ಆಲ್ಟೊ

ಎಲ್ಲರಿಗೂ ದೊಡ್ಡ ಶಬ್ದವೇ ಯಾಕೆ ಬೇಕು ಮಾರಾಯ್ರೆ? ಆರ್ಗನ್ ಅಂದ್ರೆ ಗುಡುಗು ಮಾತ್ರ ಅಂತ ಉಂಟಾ? ಬ್ರಾಮ್ಸ್‌ನ ಹನ್ನೊಂದು ಕೋರಾಲ್ ಪ್ರಿಲ್ಯೂಡ್‌ಗಳು (ಚರ್ಚಿನ ಹಾಡಿನ ರಾಗ ಹಿಡಿದು ಬರೆದ ಆರ್ಗನ್ ತುಣುಕುಗಳು), ಓಪಸ್ 122, ನೋಡಿದ್ದೀರಾ ಯಾರಾದ್ರೂ? 1896ರಲ್ಲಿ, ಸಾಯುವ ಹಿಂದಿನ ವರ್ಷ ಬರೆದದ್ದು. ಅದರಲ್ಲಿ ಎಂಟನೆಯದು, ಕ್ರಿಸ್ಮಸಿಗೆ ಹಾಡುವ ಗುಲಾಬಿಯ ಹಾಡಿನದ್ದು, ಎರಡೇ ಪುಟ. ನಾನು ಚರ್ಚಿನ ಹುಡುಗರಿಗೆ ಮಾಡಿಕೊಟ್ಟೆ. ಎರಡು ಕ್ಲಾರಿನೆಟ್, ಆರು ವಯಲಿನ್, ಎರಡು ಚೆಲ್ಲೊ, ಅಷ್ಟೆ. ರಾಗ ಎಲ್ಲಿ ಅಡಗಿ ಕೂತಿದೆ ಅಂತ ಹುಡುಕಿ ತೆಗೆಯುವುದಕ್ಕೇ ಮೂರು ದಿನ ಬೇಕಾಯ್ತು, ಬ್ರಾಮ್ಸ್ ಅದನ್ನು ಅಷ್ಟು ಚಂದ ಸುತ್ತಿ ಇಟ್ಟಿದ್ದಾನೆ. ಖರ್ಚು? ಜೆರಾಕ್ಸ್ 84 ರೂಪಾಯಿ.

ನಮ್ಮಲ್ಲಿ ಮೊದಲು ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಂ ಇತ್ತು, ಈಗ ಕರೆಂಟಿನದ್ದು. ಇಷ್ಟು ವರ್ಷ ಅದರಲ್ಲಿ ಅದೇ ಹಾಡು ಕೇಳಿದ ಮುದುಕಿಯೊಬ್ಬರು ಬಂದು ನನ್ನ ಕೈ ಹಿಡಿದು, ಇವತ್ತು ಉಸಿರು ಕೇಳಿತು ಮಗಾ ಅಂದ್ರು. ನಿಮ್ಮ ಐದು ತಂತಿಯ ಬಾಸಿಗೆ ಯಾರಾದ್ರೂ ಕೈ ಹಿಡಿದ್ರಾ?

ಐದನೇ ತಂತಿ

ಎರಡು ಪುಟದ ತುಣುಕಿಗೂ ಇಪ್ಪತ್ತು ವೇರಿಯೇಶನ್‌ಗೂ ಹೋಲಿಕೆ ಬೇಡ ಮೇಡಂ. ದೋಸೆ ಹುಯ್ಯುವವರು ಮದುವೆ ಅಡುಗೆಯವರನ್ನು ಆಡಿಕೊಂಡ ಹಾಗಿದೆ.

ಕಂಕನಾಡಿ ಆಲ್ಟೊ

ನಮ್ಮ ನೀರುದೋಸೆ ಹುಯ್ದು ನೋಡಿ ಒಮ್ಮೆ, ತೂತಾಗದೆ ಎದ್ದರೆ ಮಾತಾಡುವ.

ಕೋಡಂಬಾಕ್ಕಂ ಕೀಬೋರ್ಡ್

ಸುಮ್ನೆ ಕಷ್ಟಪಡ್ತಿದ್ದೀರ ಎಲ್ರೂ. ಬಾಚ್‌ನ 565, ಅದೇ ಡಿ ಮೈನರ್ ಟೊಕಾಟಾ, ಹಾಕಿ ಗುರು, ಜನಕ್ಕೆ ಗೊತ್ತಿರೋದು ಅದೊಂದೇ. ನಾನು ಒಂದು ಸಿನಿಮಾ ಹಿನ್ನೆಲೆಗೆ ಎರಡೇ ದಿನದಲ್ಲಿ ಮಾಡಿದೆ. ಸ್ಯಾಂಪಲ್ ಲೈಬ್ರರಿಯಲ್ಲಿ ಅರವತ್ತು ಸ್ಟ್ರಿಂಗ್ಸ್, ಎಂಟು ಹಾರ್ನ್. ಪೆಡಲ್ ಟ್ರ್ಯಾಕ್ ಪ್ಲೇ ಮಾಡಿ, ಮೇಲೆ ನಿಮ್ಮ ಮೂವತ್ತನಾಲ್ಕು ಜನ ನುಡಿಸಲಿ. ತಳದ ಸಿ ಅಲ್ಲ, ಅದರ ಅಪ್ಪ ಬೇಕಾದ್ರೂ ಬರುತ್ತೆ.

ಧಾರವಾಡ ಪಿಟೀಲು

ಅದಕ್ಕ ಆರ್ಕೆಸ್ಟ್ರಾ ಅನ್ನೂದಿಲ್ಲ ತಮ್ಮಾ, ಮೆರವಣಗಿ ಡೀಜೆ ಅಂತಾರ.

ಕೋಡಂಬಾಕ್ಕಂ ಕೀಬೋರ್ಡ್

ಭುಜ ಉಳುಕಿಸಿ ಜನರನ್ನ ಮನೆಗೆ ಕಳಿಸೋದಕ್ಕಿಂತ ಡೀಜೆ ವಾಸಿ ಸಾರ್. ನನ್ನ ಪ್ರೊಡ್ಯೂಸರ್ ಮೂರು ತಿಂಗಳಾದರೂ ದುಡ್ಡು ಕೊಟ್ಟಿಲ್ಲ, ಅದು ಬೇರೆ ಮಾತು.

ಲಕ್ಷ್ಮೀಪುರಂ ಮೇಷ್ಟ್ರು

ಬಾಚ್ ಅಲ್ಲ ಸ್ವಾಮಿ. ಬಾಚುವುದು ತಲೆಯನ್ನು. ಬಾಖ್ ಎಂದು ಬರೆಯಿರಿ, ನಮ್ಮ ಲಿಪಿಯಲ್ಲಿ ಮಹಾಪ್ರಾಣ ಇರುವುದು ಯಾತಕ್ಕೆ?

ಐದನೇ ತಂತಿ

ಮೇಷ್ಟ್ರೇ, ಇಲ್ಲಿ ಹದಿನಾಲ್ಕು ವರ್ಷದಿಂದ ಜರ್ಮನ್ ಕೇಳುತ್ತಿದ್ದೇನೆ. ಅದು ಖ ಅಲ್ಲ, ಗಂಟಲಿನಲ್ಲಿ ಗಾಳಿ ಉಜ್ಜುವ ಸದ್ದು. ಬಾಹ್ ಅಂದರೂ ನಡೆಯುತ್ತದೆ.

ಲಕ್ಷ್ಮೀಪುರಂ ಮೇಷ್ಟ್ರು

ಬಾಹ್ ಎಂದರೆ ಕುರಿ ಕರೆದಂತಾಗುತ್ತದೆ. ಇರಲಿ. 565ರ ಬಗ್ಗೆ ಒಂದು ಮಾತು. ಅದು ಬಾಖ್‌ನದೇ ಎಂಬುದಕ್ಕೆ ಆತನ ಕೈಬರಹ ಉಳಿದಿಲ್ಲ, ಇರುವುದು ಯೊಹಾನೆಸ್ ರಿಂಕ್ ಎಂಬುವರ ನಕಲು. 1981ರಲ್ಲಿ ಪೀಟರ್ ವಿಲಿಯಮ್ಸ್ ಎಂಬ ವಿದ್ವಾಂಸರು ಇದು ಮೂಲದಲ್ಲಿ ಪಿಟೀಲಿನ ಕೃತಿಯಾಗಿದ್ದಿರಬಹುದು, ಬರೆದವರು ಬೇರೆಯವರೂ ಇರಬಹುದು ಎಂದು ವಾದಿಸಿದರು. ಆದ್ದರಿಂದ ತಂತಿವಾದ್ಯಗಳಿಗೆ ಕೊಡುವುದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಗದ್ದಲದಲ್ಲಿ.

ಈ ಜಗಳ ಹಳೆಯದು. ಸಂಯೋಜಕರಾದ ಎಲ್ಗರ್ ಮತ್ತು ರಿಚರ್ಡ್ ಸ್ಟ್ರಾಸ್ ಇದನ್ನೇ ಮಾತಾಡಿಕೊಂಡಿದ್ದರು. ಬಾಖ್‌ನನ್ನು ಆರ್ಕೆಸ್ಟ್ರಾಗೆ ತರುವಾಗ ಮಿತವಾಗಿರಬೇಕೆಂದು ಸ್ಟ್ರಾಸ್, ದೊಡ್ಡದಾಗಿಯೇ ಇರಲಿ ಎಂದು ಎಲ್ಗರ್. ಸಿ ಮೈನರ್ ಫ್ಯೂಗನ್ನು, ಬಿಡಬ್ಲ್ಯುವಿ 537, ಎಲ್ಗರ್ 1921ರಲ್ಲಿ ಮಾಡಿ ಮುಗಿಸಿ, ಅದರ ಫಾಂಟೇಸಿಯಾವನ್ನು ಸ್ಟ್ರಾಸ್ ಮಾಡಲಿ ಎಂದು ಕಾದರು. ಅವರು ಮಾಡಲಿಲ್ಲ, ಮರುವರ್ಷ ಎಲ್ಗರರೇ ಮಾಡಿಕೊಂಡರು. ಇದೇ ಸ್ಟ್ರಾಸರ ಕಡೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ 1950ರ ಮೇ ತಿಂಗಳಲ್ಲಿ ಮೊದಲ ಬಾರಿ ಕೇಳಿಬಂದಾಗ ಅದಕ್ಕೆ ಹಣದ ಬೆಂಬಲ ಯಾರದು ಗೊತ್ತೆ? ನಮ್ಮ ಜಯಚಾಮರಾಜೇಂದ್ರ ಒಡೆಯರದು. ರಷ್ಯದ ಸಂಯೋಜಕ ಮೆಟ್ನರ್‌ನ ಸಂಗೀತ ರೆಕಾರ್ಡ್ ಆಗಿ ಉಳಿದದ್ದೂ ಅವರಿಂದಲೇ. ಅಂಥ ಊರಿನವರು ಇಂದು ಪೆಡಲ್ ಟ್ರ್ಯಾಕ್ ಪ್ಲೇ ಮಾಡುವ ಮಾತಾಡುತ್ತಿದ್ದೇವೆ.

ಕೋಡಂಬಾಕ್ಕಂ ಕೀಬೋರ್ಡ್

ನಾನು ಮೈಸೂರಿನವನಲ್ಲ ಸಾರ್, ತಿಪಟೂರು. ಮಹಾರಾಜರ ತರ ದುಡ್ಡು ಹಾಕೋರು ಸಿಕ್ಕಿದ್ರೆ ನಾನೂ ಎಂಟು ಹಾರ್ನ್ ನಿಜವಾದ್ದೇ ತರಿಸ್ತೀನಿ.

ಅರಸೀಕೆರೆ ಅಲೆಗ್ರೊ

ಎಲ್ಲರಿಗೂ ಧನ್ಯವಾದ, ತುಂಬಾ ತಿಳಿದುಕೊಂಡೆ. ಆದರೆ ಬೊಯೆಲ್‌ಮಾನ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ವಯೋಲಾ ಬಗ್ಗೆಯೂ.

ಒಬ್ಬಂಟಿ ಬಸೂನ್

ಮೊದಲು ನನ್ನ ಗೋಳು ಕೇಳಿ. ಫ್ರೆಂಚ್ ಸಂಯೋಜಕ ಡ್ಯುರುಫ್ಲೇ ಕೃತಿಯೊಂದನ್ನು ಐದು ತಿಂಗಳು ಕೂತು ಹೊಂದಿಸಿದೆ. 112 ಪುಟ. ಬೆಂಗಳೂರು-ಹುಬ್ಬಳ್ಳಿ ರೈಲಿನಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಬರೆದದ್ದೇ ಅರ್ಧ. ಎಲ್ಲ ಮುಗಿದ ಮೇಲೆ ಅನುಮತಿ ಬೇಕೆಂದು ಗೊತ್ತಾಗಿ ಪ್ರಕಾಶಕರಿಗೆ ಮೇಲ್ ಹಾಕಿದೆ. ಏಳು ವಾರ ಬಿಟ್ಟು ಎರಡು ಸಾಲಿನ ಉತ್ತರ: ಆಗುವುದಿಲ್ಲ. ಡ್ಯುರುಫ್ಲೇ ತೀರಿಕೊಂಡದ್ದು 1986ರಲ್ಲಿ. ನಮ್ಮ ದೇಶದ ಲೆಕ್ಕ ಸತ್ತ ಮೇಲೆ ಅರವತ್ತು ವರ್ಷ, ಅಂದರೆ 2046 ಮುಗಿಯಬೇಕು. ಆಗ ನನಗೆ 81, ಹಲ್ಲಿದ್ದರೆ ಬಸೂನ್. ಫೈಲಿಗೆ "2047" ಅಂತಲೇ ಹೆಸರಿಟ್ಟಿದ್ದೀನಿ. ಇನ್ನೊಬ್ಬ ಫ್ರೆಂಚ್ ಸಂಯೋಜಕ ಮೆಸಿಯಾನ್ ಹತ್ತಿರವೂ ಹೋಗಬೇಡಿ, ತೀರಿಕೊಂಡದ್ದು 1992ರಲ್ಲಿ. ಅದೂ ಅಲ್ಲದೆ ಅವರ ಲಸಾನ್ಸಿಯೊ ಎಂಬ ಕೃತಿ ಮೊದಲು ಆರ್ಕೆಸ್ಟ್ರಾಗೇ ಬರೆದದ್ದು, ಆಮೇಲೆ ಆರ್ಗನ್‌ಗೆ ತಂದಾಗ ಮೂರನೇ ಭಾಗ ಕೂಡಿಬರದೆ ಹೊಸದೇ ಬರೆದರು. ಎಲ್ಲ ಸ್ವರವೂ ಎಲ್ಲ ವಾದ್ಯಕ್ಕೂ ಹೋಗುವುದಿಲ್ಲ ಅಂತ ಬರೆದವರಿಗೇ ಗೊತ್ತಿತ್ತು.

ಬೊಯೆಲ್‌ಮಾನ್ 1897ರಲ್ಲೇ ಹೋದ, 35 ವರ್ಷಕ್ಕೆ. ಯಾರನ್ನೂ ಕೇಳಬೇಕಿಲ್ಲ. ಸ್ವೀಟ್ ಗೊಥಿಕ್‌ನ ಮೊದಲ ಭಾಗ ತೆಗೆದು ನೋಡಿ. ದಪ್ಪ ದಪ್ಪ ಕಾರ್ಡ್‌ಗಳಲ್ಲಿ ಒಂದು ಸಾಲು ಜೋರಾಗಿ, ಅದೇ ಸಾಲು ಮತ್ತೆ ಮೆಲ್ಲಗೆ. ಜೋರಿನದ್ದು ಹಿತ್ತಾಳೆಗೆ, ಮೆಲ್ಲಗಿನದ್ದು ತಂತಿಗೆ. ಸಾಲು ಮುಗಿದಲ್ಲಿ ಎಲ್ಲರೂ ಉಸಿರೆಳೆದುಕೊಳ್ಳಬಹುದು, ಓಟ ಇಲ್ಲ, ಭುಜ ಉಳುಕಲ್ಲ. ಮೂರನೆಯದು, ಮಾತೆ ಮರಿಯಳಿಗೆ ಪ್ರಾರ್ಥನೆ, ಮ್ಯೂಟ್ ಹಾಕಿದ ವಯಲಿನ್‌ಗಳಿಗೆ ಹೇಳಿ ಮಾಡಿಸಿದ್ದು. ನಡುವೆ ಮಿನುಯೆಟ್ ಇಟ್ಟರೆ ನಿಮ್ಮ ಹತ್ತು ನಿಮಿಷ ಆಯ್ತು. ಕೊನೆಯ ಟೊಕಾಟಾ ಬಿಟ್ಟುಬಿಡಿ, ಆಸೆಪಟ್ಟರೆ ಧಾರವಾಡದವರನ್ನು ನೆನೆಸಿಕೊಳ್ಳಿ.

ವಯೋಲಾ ಮೂರೇ ಅಂದಿರಿ. ನಮ್ಮಲ್ಲಿ ಎರಡೇ ಇದ್ದವು, ಅದರಲ್ಲೊಬ್ಬರು ಗುರುವಾರ ಬರುತ್ತಿರಲಿಲ್ಲ. ಎರಡನೇ ಕ್ಲಾರಿನೆಟ್ಟನ್ನು ತಳದ ಸ್ವರಗಳಲ್ಲಿ ವಯೋಲಾ ಜೊತೆ ಮೆತ್ತಗೆ ಓಡಿಸಿ, ಮೂರು ಇದ್ದದ್ದು ಆರು ಕೇಳುತ್ತವೆ. ಪೀಯಾನಿಸಿಮೊ (ತೀರಾ ಮೆಲ್ಲಗೆ) ಬಂದಾಗ ಕ್ಲಾರಿನೆಟ್ ತೆಗೆಯಿರಿ. ಬಸೂನಿಗೂ ಏನಾದರೂ ಕೊಡಿ, ಚೆಲ್ಲೊ ನಕಲು ಬೇಡ, ಸ್ವಂತದ್ದು. ಎಷ್ಟು ವರ್ಷ ಅಂತ ಚೆಲ್ಲೊ ಬೆನ್ನಿಗೆ ನಿಲ್ಲೋದು ನಾವು?

ಧಾರವಾಡ ಪಿಟೀಲು

ನೆನಸ್ಕೋರಿ, ಅಡ್ಡಿ ಇಲ್ಲ. ಆದ್ರ ಆ ಟೊಕಾಟಾ ವಿಡೋರನದಕ್ಕಿಂತ ಹಗುರ ಐತಿ ಅಂತ ಕೇಳೇನಿ. ನಾ ಒಮ್ಮೆ ನೋಡಲೇನು?

ಕಂಕನಾಡಿ ಆಲ್ಟೊ

ಬೇಡ ಮಾರಾಯ್ರೆ, ಬೇಡ.

ಅರಸೀಕೆರೆ ಅಲೆಗ್ರೊ

ಬೊಯೆಲ್‌ಮಾನ್ ಅಂತ ತೀರ್ಮಾನ ಮಾಡಿದೆ. ಒಂದು, ಎರಡು, ಮೂರು. ಇವತ್ತೇ ಸ್ಕೋರ್ ತೆಗೆದು ಕೂರ್ತೀನಿ.

ಐದನೇ ತಂತಿ

ಮೊದಲ ಭಾಗ ಸಿ ಮೈನರ್ ಅಲ್ಲವೇ? ನಿಮ್ಮ ಬಾಸ್‌ನವರ ಹತ್ತಿರ ತಂತಿ ಎಷ್ಟಿವೆ?