ಜೋತು ಬೀಳುವ ಸೂಚಿಪರ್ಣಿ: ಮನೆಯ ಮುಂದೆ ನೆಡುವ ಮೊದಲು

ಕೇಳಿದವರು: ಹಿಂದವಾಡಿ, ಬೆಳಗಾವಿ

ನಮ್ಮದು 40×60 ನಿವೇಶನ. ಮನೆಯ ಗೋಡೆಗೂ ಗೇಟಿಗೂ ನಡುವೆ 12 ಅಡಿ ಜಾಗ ಉಳಿದಿದೆ. ರೆಂಬೆಗಳೆಲ್ಲ ಕೆಳಕ್ಕೆ ಇಳಿಬಿದ್ದ ನೀಲಿ ಛಾಯೆಯ ದೇವದಾರನ್ನು ಚಿತ್ರದಲ್ಲಿ ಕಂಡಾಗಿನಿಂದ ಅಂಥದ್ದೇ ಬೇಕೆನಿಸಿದೆ. ಸಸಿ ಮಾರುವವರು ‘ಆರಡಿಗಿಂತ ಹೆಚ್ಚು ಬೆಳೆಯುವುದಿಲ್ಲ’ ಎನ್ನುತ್ತಾರೆ. ವಿಜಯಪುರದಲ್ಲಿರುವ ತಮ್ಮನಿಗೂ ಒಂದು ಕೊಡಿಸುವ ಯೋಚನೆಯಿದೆ. ಬೆಳೆಸಿದವರು, ಬೆಳೆದದ್ದನ್ನು ಕಂಡವರು ಹೇಳಿ.

ಟಿಳಕವಾಡಿ, ಬೆಳಗಾವಿ

ಆರಡಿ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಸೂಚಿಪರ್ಣಿಗಳು, ಅಂದರೆ ದೇವದಾರು, ಪೈನ್‌ನಂಥ ಕೋನಿಫರ್‌ಗಳು, ಒಂದು ಎತ್ತರಕ್ಕೆ ಬಂದು ನಿಂತುಬಿಡುವ ಗಿಡಗಳಲ್ಲ, ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ಚೀಟಿಯ ಮೇಲೆ ಬರೆದಿರುವ ಅಳತೆ ಸಾಮಾನ್ಯವಾಗಿ ಹತ್ತು ವರ್ಷದ ಗಿಡದ್ದು. ಅಮೆರಿಕದ ಕೋನಿಫರ್ ಸೊಸೈಟಿ ಇವುಗಳನ್ನು ವರ್ಷದ ಬೆಳವಣಿಗೆ ನೋಡಿ ವಿಂಗಡಿಸುತ್ತದೆ. ವರ್ಷಕ್ಕೆ 2.5 ಸೆಂ.ಮೀ.ಗಿಂತ ಕಡಿಮೆ ಬೆಳೆದರೆ ಅತಿ ಕುಬ್ಜ, 15 ಸೆಂ.ಮೀ.ವರೆಗೆ ಕುಬ್ಜ, 30 ಸೆಂ.ಮೀ.ವರೆಗೆ ಮಧ್ಯಮ, ಅದಕ್ಕೂ ಮೇಲಿನದು ದೊಡ್ಡದು. ಅಂದರೆ ‘ಕುಬ್ಜ’ ಎಂದು ಕೊಂಡದ್ದು ಕೂಡ, ಇಂದು ಹುಟ್ಟಿದ ಮಗು ಕಾಲೇಜು ಮುಗಿಸುವ ಹೊತ್ತಿಗೆ ಹತ್ತಡಿ ಮುಟ್ಟಬಹುದು.

ಜೋತು ಬೀಳುವ ತಳಿಗಳ ಲೆಕ್ಕ ಇನ್ನೂ ಬೇರೆ. ಇವುಗಳಲ್ಲಿ ಅನೇಕಕ್ಕೆ ನೆಟ್ಟಗೆ ಮೇಲೇರುವ ತುದಿಯೇ ಇರುವುದಿಲ್ಲ. ಕೋಲಿಗೆ ಕಟ್ಟಿ ಎಲ್ಲಿಯವರೆಗೆ ಏರಿಸುತ್ತೀರೋ ಹೆಚ್ಚುಕಡಿಮೆ ಅಲ್ಲಿಯವರೆಗೆ ಎತ್ತರ; ಕಟ್ಟುವುದನ್ನು ಬಿಟ್ಟ ಮೇಲೆ ಅದು ಪಕ್ಕಕ್ಕೂ ಕೆಳಕ್ಕೂ ಹರಡುತ್ತದೆ. ನಾರ್ವೆ ಸ್ಪ್ರೂಸ್‌ನ ಜೋತು ತಳಿಗೆ ಕೋಲನ್ನೇ ಕೊಡದಿದ್ದರೆ ನೆಲದ ಮೇಲೆ ತೆವಳುತ್ತದೆ. ಮಾರುವವರು ಹೇಳಿದ ಆರಡಿ ಎತ್ತರದ ಮಟ್ಟಿಗೆ ನಿಜವಿರಬಹುದು, ಆದರೆ ಅಗಲವನ್ನು ಅವರು ಹೇಳಲೇ ಇಲ್ಲ. ನೀವು ಕಂಡದ್ದು ಬಹುಶಃ ಅಟ್ಲಾಸ್ ದೇವದಾರಿನ ಜೋತು ತಳಿ. ರೆಂಬೆಗಳಿಗೆ ಆಸರೆ ಕೊಟ್ಟು ಬೆಳೆಸಿದರೆ ಕೆಲವು ದಶಕಗಳಲ್ಲಿ 20ರಿಂದ 30 ಅಡಿ ಅಗಲಕ್ಕೆ ಹಬ್ಬುತ್ತದೆ. ನಿಮ್ಮಲ್ಲಿರುವುದು 12 ಅಡಿ.

‘ಕತ್ತರಿಸಿಕೊಂಡರಾಯಿತು’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಾಸವಾಳವನ್ನು ಮೊಣಕಾಲೆತ್ತರಕ್ಕೆ ಕಡಿದರೂ ಚಿಗುರುತ್ತದೆ. ದೇವದಾರು, ಸ್ಪ್ರೂಸ್, ಸೈಪ್ರಸ್‌ಗಳು ಹಾಗಲ್ಲ. ಎಲೆಯಿಲ್ಲದ ಹಳೆಯ ಕಟ್ಟಿಗೆಯವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಹಸಿರು ಬರುವುದು ತೀರಾ ಅಪರೂಪ. ಆ ಬೋಳು ಗಾಯ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಗಾತ್ರದ ತೀರ್ಮಾನ ಗುಂಡಿ ತೆಗೆಯುವ ಮೊದಲೇ ಆಗಬೇಕು.

ಗಾತ್ರಕ್ಕಿಂತ ದೊಡ್ಡ ಪ್ರಶ್ನೆ ಹವೆಯದು. ಅಟ್ಲಾಸ್ ದೇವದಾರು ಮೊರಾಕ್ಕೊ ಮತ್ತು ಅಲ್ಜೀರಿಯಾದ ಪರ್ವತಗಳದ್ದು. ಅಲ್ಲಿ ಚಳಿಗಾಲ ತೇವ, ಬೇಸಿಗೆ ಒಣ. ನಮ್ಮ ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಚ್ಚಗಿನ ಮಳೆ ಬಿಡದೆ ಸುರಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ಚಳಿ ಇಲ್ಲವೇ ಇಲ್ಲ. ಅದಕ್ಕೆ ಹೊಂದುವ ಕಾಲಮಾನ ಇಲ್ಲಿ ತಲೆಕೆಳಗಾಗಿದೆ. ಆಸೆ ಎಷ್ಟೇ ಇದ್ದರೂ ಆ ಜೀವವನ್ನು ಇಲ್ಲಿ ತಂದು ನರಳಿಸುವುದು ಬೇಡವೆಂದು ನನ್ನ ಮನವಿ.

ಸೋಲಾಪುರ ರಸ್ತೆ, ವಿಜಯಪುರ

ತಮ್ಮನ ಪರವಾಗಿ ನಾನು ಹೇಳುತ್ತೇನೆ: ಬೇಡ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬಿ ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆಯ ಬೇರುಗಳನ್ನು ಹರಿಯುತ್ತದೆ. ಸೂಚಿಪರ್ಣಿಗಳ ಪೈಕಿ ನಮ್ಮಲ್ಲಿ ಬಾಳಿಕೆ ಬರುವುದು ಥೂಜಾ ಎಂದೂ ಕರೆಯುವ ಮೋರ್‌ಪಂಖಿ. ಅದು ಜೋತು ಬೀಳುವುದಿಲ್ಲ, ಆದರೆ ಬದುಕುತ್ತದೆ. ಗರಸು ಮತ್ತು ಗೊಬ್ಬರ ಬೆರೆಸಿ ಒಂದೂವರೆ ಅಡಿ ದಿಬ್ಬ ಮಾಡಿ, ಅದರ ಮೇಲೆ ನೆಡಬೇಕು. ಬೇಸಿಗೆಯಲ್ಲಿ ಎಲೆಗಳು ಕಂದು ತಿರುಗಿದರೆ ನೀರಿನ ಕೊರತೆಯೆಂದು ಕೊಡಗಟ್ಟಲೆ ಸುರಿಯುವ ಮೊದಲು ರೆಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ಜಾಡಿಸಿ ನೋಡಿ. ಬಿದ್ದ ಧೂಳಿನ ಚುಕ್ಕೆಗಳು ನಡೆದಾಡಿದರೆ ಅದು ಕೆಂಪು ನುಸಿ. ಬೆಳಗಿನ ಹೊತ್ತು ಪೈಪಿನಿಂದ ಜೋರಾಗಿ ನೀರು ಹಾಯಿಸಿ ಎಲೆಗಳನ್ನು ತೊಳೆದರೆ ಬಹಳ ಮಟ್ಟಿಗೆ ಹಿಡಿತಕ್ಕೆ ಬರುತ್ತದೆ.

ಜೋತು ಬೀಳುವ ಚೆಲುವೇ ಬೇಕೆಂದರೆ ಬಾಟಲ್‌ಬ್ರಷ್ ನೋಡಿ. ಸೂಚಿಪರ್ಣಿಯಲ್ಲದಿದ್ದರೂ ರೆಂಬೆಗಳು ಇಳಿಬೀಳುವುದು ನಿಮ್ಮ ಚಿತ್ರದಲ್ಲಿರುವಂತೆಯೇ, ಜೊತೆಗೆ ಕೆಂಪು ಹೂವು. ಸರ್ವೆ ಮರವನ್ನು ಕೆಲವರು ‘ಪೈನ್’ ಎಂದು ಮಾರುತ್ತಾರೆ. ಅದೂ ಸೂಚಿಪರ್ಣಿಯಲ್ಲ, ಹೂ ಬಿಡುವ ಮರ. ಮನೆಯ ಮುಂದಿನ ಅಂಗಳಕ್ಕೆ ಅತಿ ದೊಡ್ಡದು.

ನವನಗರ, ಬಾಗಲಕೋಟೆ

ನಾವು ಕೊಂಡ ಮನೆಯಲ್ಲಿ ಹಿಂದಿನವರು ‘ಕ್ರಿಸ್ಮಸ್ ಮರ’ ಎಂದು ಅರೋಕೇರಿಯಾ ನೆಟ್ಟಿದ್ದರು, ಕಾಂಪೌಂಡ್ ಗೋಡೆಗೆ ಮೂರಡಿ ದೂರದಲ್ಲಿ. ತಂತಿಗೆ ತಾಗುತ್ತದೆಂದು ಯಾರೋ ಅದರ ತುದಿ ಕತ್ತರಿಸಿದ್ದರು. ಕತ್ತರಿಸಿದ ಜಾಗದ ಕೆಳಗಿನಿಂದ ಮೂರು ತುದಿಗಳು ಒಟ್ಟಿಗೆ ಎದ್ದು ಪರಸ್ಪರ ಒತ್ತುತ್ತಿವೆ, ರೆಂಬೆಗಳ ಆ ಅಂದವಾದ ಅಂತಸ್ತುಗಳು ಮೇಲ್ಭಾಗದಲ್ಲಿ ಮತ್ತೆ ಮೂಡಲೇ ಇಲ್ಲ. ತನ್ನ ತವರಾದ ನಾರ್ಫೋಕ್ ದ್ವೀಪದಲ್ಲಿ ಇದು 50 ಮೀಟರ್ ಮುಟ್ಟುವ ಮರ. ಕುಂಡದಲ್ಲಿ ಮೂರಡಿ ಇರುವಾಗ ಆ ಮಾತನ್ನು ಯಾರೂ ಹೇಳುವುದಿಲ್ಲ, ಅದೇ ನನಗೆ ಸಿಟ್ಟು.

ಕೊಳ್ಳುವವರು ಎರಡು ಸಂಗತಿ ಗಮನಿಸಿ. ಗಿಡ ದಟ್ಟವಾಗಿ ಕಾಣಲೆಂದು ಒಂದೇ ಕುಂಡದಲ್ಲಿ ನಾಲ್ಕೈದು ಸಸಿ ಹಾಕಿರುತ್ತಾರೆ, ಬುಡ ಕೆದಕಿ ನೋಡಿ. ಪಕ್ಕದ ರೆಂಬೆಯಿಂದ ಮಾಡಿದ ಸಸಿಯಾದರೆ ಅದು ಎಂದಿಗೂ ನೆಟ್ಟಗೆ ಬೆಳೆಯುವುದಿಲ್ಲ, ರೆಂಬೆಯಂತೆಯೇ ಅಡ್ಡಡ್ಡ ಹೋಗುತ್ತದೆ. ಕಾಂಡದ ಸುತ್ತ ಎಲ್ಲ ದಿಕ್ಕಿಗೂ ಸಮನಾಗಿ ರೆಂಬೆ ಒಡೆದ ಒಂಟಿ ಸಸಿಯನ್ನೇ ಆರಿಸಿ.

ಖಾನಾಪುರ ರಸ್ತೆ, ಬೆಳಗಾವಿ

ಜೋತು ಬೀಳುವ ನಿಜವಾದ ಸೂಚಿಪರ್ಣಿಯೇ ಬೇಕು, ಜಾಗವೂ ಇದೆ ಎನ್ನುವವರಿಗೆ ಕಾಶ್ಮೀರ ಸೈಪ್ರಸ್ ಸೂಚಿಸುತ್ತೇನೆ. ಹೆಸರಿನಲ್ಲಿ ಕಾಶ್ಮೀರವಿದ್ದರೂ ಅದು ಭೂತಾನ್ ಕಡೆಯದು, ಅಲ್ಲಿ ಬೌದ್ಧ ದೇಗುಲಗಳ ಬಳಿ ನೆಡುತ್ತಾರೆ. ಹೆಪ್ಪುಗಟ್ಟುವ ಚಳಿಯನ್ನು ಬೇಡುವ ಮರವಲ್ಲ. ನಮ್ಮ ಹೊಲದ ಮನೆಯ ಪಕ್ಕ, ನೀರು ಬಸಿದು ಹೋಗುವ ಕೆಂಪು ಇಳಿಜಾರಿನಲ್ಲಿ ಒಂದಿದೆ. ನೀಲಿ ಬೂದು ಎಲೆಗಳು ಎಳೆ ಎಳೆಯಾಗಿ ಇಳಿದಿವೆ, ಮಳೆಯ ನಂತರ ನೋಡಲು ಎರಡು ಕಣ್ಣು ಸಾಲದು. ಆದರೆ ಇದು ಕಾಲಕ್ರಮೇಣ 20 ಮೀಟರ್ ದಾಟಬಲ್ಲ ಮರ. ಹನ್ನೆರಡು ಅಡಿಯ ಅಂಗಳಕ್ಕೆ ಖಂಡಿತ ಬೇಡ.

ಕೇಳಿದವರು

ತಮ್ಮನಿಗೆ ಮೋರ್‌ಪಂಖಿ ಎಂದು ನಿರ್ಧರಿಸಿದ್ದೇನೆ. ನನಗೆ ಬಾಟಲ್‌ಬ್ರಷ್ ಹಿಡಿಸಿದೆ. ಗೋಡೆಯಿಂದ ಎಷ್ಟು ದೂರ ನೆಡಲಿ?

ಟಿಳಕವಾಡಿ, ಬೆಳಗಾವಿ

ಜೋತು ಬಾಟಲ್‌ಬ್ರಷ್ 15ರಿಂದ 25 ಅಡಿ ಎತ್ತರ, 10ರಿಂದ 15 ಅಡಿ ಅಗಲಕ್ಕೆ ಬರುತ್ತದೆ. ಗೋಡೆಗೂ ಗೇಟಿಗೂ ಸರಿಯಾಗಿ ನಡುವೆ, ಆರಡಿಯಲ್ಲಿ ನೆಡಿ. ಇದನ್ನು ಹೂ ಮುಗಿದ ಮೇಲೆ ಸವರಬಹುದು, ಚಿಗುರುತ್ತದೆ. ಅದೇ ಇದರ ದೊಡ್ಡ ಅನುಕೂಲ. ನೆಡುವ ಮೊದಲು ಆ ಬಿಂದುವಿಗೆ ಗೂಟ ಹೊಡೆದು, ಏಳಡಿ ಹಗ್ಗ ಕಟ್ಟಿ, ಸುಣ್ಣದ ಪುಡಿಯಲ್ಲಿ ವೃತ್ತ ಎಳೆಯಿರಿ. ಗೇಟಿನ ಬಾಗಿಲು, ಸ್ಕೂಟರ್ ನಿಲ್ಲುವ ಜಾಗ, ನೀರಿನ ತೊಟ್ಟಿಯ ಮುಚ್ಚಳ ಆ ವೃತ್ತದೊಳಗೆ ಎಷ್ಟು ಸಿಗುತ್ತವೆ ನೋಡಿ. ಮೇಲೆ ತಂತಿ ಹಾದುಹೋಗಿದ್ದರೆ ಗೂಟವನ್ನು ಇನ್ನೊಂದು ಮೂಲೆಗೆ ಸರಿಸಿ. ಜೂನ್‌ನ ಮೊದಲ ಒಳ್ಳೆಯ ಮಳೆ ಬಿದ್ದ ಮೇಲೆ ಗುಂಡಿ ತೆಗೆದರೆ ಸಾಕು.